ಅಪ್ಪನ ಸಹಿಯೇ ಕೊನೆಯ ಮಾತಲ್ಲ

ರಾಜಾಜಿನಗರದ ಓದುಗರೊಬ್ಬರು ಹೆಸರು ಪ್ರಕಟಿಸಬೇಡಿ ಎಂದು ಕೋರಿ ಪತ್ರ ಬರೆದಿದ್ದಾರೆ. ಪಿಯುಸಿ ಓದುವ ಅವರ 16 ವರ್ಷದ ತಮ್ಮ ಕೆಲವು ತಿಂಗಳಿಂದ ಕಾಲೇಜು ಬಿಟ್ಟು ಕೋಣೆ ಸೇರಿದ್ದ. ದೇವಸ್ಥಾನಕ್ಕೆಂದು ಮನೆಯವರು ಕಾರು ಹತ್ತಿಸಿ, ನಗರದ ಹೊರವಲಯದ ಖಾಸಗಿ ಮಾನಸಿಕ ಚಿಕಿತ್ಸಾ ಕೇಂದ್ರವೊಂದರಲ್ಲಿ ಬಿಟ್ಟು ಬಂದರಂತೆ. ಅಪ್ಪನ ಮೊಬೈಲಿಗೆ ಬಂದ ಫೋಟೊದಲ್ಲಿ ಹುಡುಗನ ತಲೆ ಬೋಳಿಸಿತ್ತು. ಮೊದಲ ತಿಂಗಳು ಭೇಟಿ, ಫೋನು ಎರಡೂ ಇಲ್ಲ. ‘ಅಪ್ಪ ಸಹಿ ಹಾಕಿದ್ದಾರೆ, ನೀವು ಕೇಳುವಂತಿಲ್ಲ’ ಎಂದು ಕೇಂದ್ರದವರು ಹೇಳಿದರಂತೆ. ಅಕ್ಕನಾಗಿ ನನಗೆ ಕೇಳುವ ಹಕ್ಕಿಲ್ಲವೇ ಎಂಬುದು ಅವರ ಪ್ರಶ್ನೆ.

ಇದೆ ಅಮ್ಮಾ, ಖಂಡಿತ ಇದೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 87ನೇ ಸೆಕ್ಷನ್ ಇರುವುದೇ ನಿಮ್ಮ ತಮ್ಮನಂಥವರಿಗಾಗಿ. 18 ತುಂಬದವರನ್ನು ದಾಖಲಿಸಲು ಅವರ ‘ಪ್ರತಿನಿಧಿ’ಯ, ಅಂದರೆ ತಂದೆಯಂಥ ಪೋಷಕರ, ಅರ್ಜಿ ಬೇಕು, ನಿಜ. ಆದರೆ ಅದೊಂದೇ ಸಾಲದು. ಒಬ್ಬ ಮನೋವೈದ್ಯರೂ ಅವರ ಜೊತೆಗೆ ಇನ್ನೊಬ್ಬ ಅರ್ಹರೂ ಹುಡುಗನನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ, ದಾಖಲಾತಿ ಬೇಕೇ ಬೇಕೆಂಬ ನಿರ್ಣಯಕ್ಕೆ ಬಂದಿರಬೇಕು. ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯುವ ದಾರಿ ಸೋತಿರಬೇಕು ಅಥವಾ ಅವನಿಗೆ ಹೊಂದದಂತಿರಬೇಕು. ಹುಡುಗನ ಇಚ್ಛೆಯೇನು ಎಂಬುದನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಸುಳ್ಳು ಹೇಳಿ ಕಾರು ಹತ್ತಿಸಲಾದ ಹುಡುಗನ ಇಚ್ಛೆಯನ್ನು ಯಾರು, ಯಾವಾಗ ಕೇಳಿದರು?

ನನ್ನನ್ನು ಹೆಚ್ಚು ಕಾಡಿದ್ದು ಅವನು ಅಲ್ಲಿ ಒಬ್ಬನೇ ಇದ್ದಾನೆ ಎಂಬುದು. ಅಪ್ರಾಪ್ತರನ್ನು ದಾಖಲಿಸಿದರೆ ಪೋಷಕರು ಅಥವಾ ಅವರು ಗೊತ್ತುಮಾಡಿದ ಸಹಾಯಕರು ಅಷ್ಟೂ ದಿನ ಜೊತೆಯಲ್ಲೇ ಇರಬೇಕು. ವಯಸ್ಕ ರೋಗಿಗಳಿಂದ ಬೇರೆಯಾದ, ವಯಸ್ಸಿಗೆ ತಕ್ಕ ವಾತಾವರಣದಲ್ಲಿ ಅವರನ್ನು ಇರಿಸಬೇಕು. ಹಾಗಿರುವಾಗ ಒಂದು ತಿಂಗಳು ಯಾರೂ ಬರಬಾರದು ಎನ್ನುವುದು ಕೇಂದ್ರದ ಶಿಸ್ತಲ್ಲ, ಕಾನೂನಿನ ಉಲ್ಲಂಘನೆ. ಬಲವಂತವಾಗಿ ತಲೆ ಬೋಳಿಸುವುದನ್ನೂ ಕಾಯ್ದೆ ನಿಷೇಧಿಸಿದೆ. ಸರಪಳಿ ಹಾಕುವಂತಿಲ್ಲ, ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಮಂಡಳಿಯ ಪೂರ್ವಾನುಮತಿ ಇಲ್ಲದೆ ಮಕ್ಕಳಿಗೆ ವಿದ್ಯುತ್ ಕಂಪನ ಚಿಕಿತ್ಸೆ ಕೊಡುವಂತಿಲ್ಲ.

ಮಂಡಳಿ ಎಂದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ. ಅಪ್ರಾಪ್ತರ ಪ್ರತಿಯೊಂದು ದಾಖಲಾತಿಯನ್ನೂ 72 ಗಂಟೆಗಳೊಳಗೆ ಅದಕ್ಕೆ ತಿಳಿಸಬೇಕು. ಮಂಡಳಿಯವರು ಖುದ್ದಾಗಿ ಬಂದು ಹುಡುಗನನ್ನು ಮಾತನಾಡಿಸಬಹುದು. 30 ದಿನ ಮೀರಿದರಂತೂ ಅವರು ಪರಿಶೀಲಿಸಲೇಬೇಕು. ತಂದೆತಾಯಿಯೇ ಪ್ರತಿನಿಧಿಗಳಾದಾಗ ಮಗುವಿನ ಪರವಾಗಿ ನೋಡುವ ಹೊರಗಿನ ಕಣ್ಣು ಇದೊಂದೇ. ಆದ್ದರಿಂದ ಕೇಂದ್ರಕ್ಕೆ ನೀವು ಮೊದಲು ಕೇಳಬೇಕಾದದ್ದು: ಮಂಡಳಿಗೆ ತಿಳಿಸಿದ್ದೀರಾ? ತಿಳಿಸಿದ್ದರೆ ಯಾವ ದಿನಾಂಕದಂದು? ಬರಹದಲ್ಲೇ ಕೇಳಿ, ಪ್ರತಿ ಇಟ್ಟುಕೊಳ್ಳಿ.

ನಿಮ್ಮ ತಂದೆಯನ್ನು ಖಳನಾಯಕನಂತೆ ಕಾಣುವ ಮನಸ್ಸು ನನಗಿಲ್ಲ. ಮಗ ಊಟ ಬಿಟ್ಟು ಬಾಗಿಲು ಹಾಕಿಕೊಂಡರೆ ಯಾವ ತಂದೆಗಾದರೂ ದಿಕ್ಕು ತೋಚದು. ಕೆಲವು ಮಕ್ಕಳಿಗೆ ಆಸ್ಪತ್ರೆವಾಸ ನಿಜಕ್ಕೂ ಬೇಕಾಗುತ್ತದೆ, ಅದರಿಂದ ಜೀವ ಉಳಿಯುತ್ತದೆ. ಆದರೆ ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ, ಅಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು. ಇದನ್ನು ನಿಮ್ಮ ತಂದೆಗೆ ಮೊದಲೇ ಯಾರಾದರೂ ಹೇಳಬೇಕಿತ್ತು. ಈಗಲಾದರೂ ನೀವು ಹೇಳಿ. ಪ್ರತಿನಿಧಿ ಬಿಡುಗಡೆ ಕೋರಿದರೆ ಕೇಂದ್ರ ಹುಡುಗನನ್ನು ಕಳುಹಿಸಲೇಬೇಕು. ಅಪ್ಪನ ಸಹಿಗೆ ಆ ಶಕ್ತಿಯೂ ಇದೆ.

ಅವರು ಒಪ್ಪದಿದ್ದರೆ ಮಂಡಳಿಗೆ ನೀವೇ ಅರ್ಜಿ ಹಾಕಿ. ಅಪ್ರಾಪ್ತನ ಹಿತ ಬಯಸುವ ಯಾರು ಬೇಕಾದರೂ ಪುರಾವೆ ಮುಂದಿಟ್ಟು, ಪೋಷಕರು ಅವನ ಹಿತದಂತೆ ನಡೆಯುತ್ತಿಲ್ಲ ಎಂದು ದೂರಬಹುದು. ಮಂಡಳಿಗೆ ಮನವರಿಕೆಯಾದರೆ ಬೇರೆ ಪ್ರತಿನಿಧಿಯನ್ನು ನೇಮಿಸುತ್ತದೆ. ಆ ಫೋಟೊವನ್ನು ಅಳಿಸಬೇಡಿ. ವಕೀಲರ ಖರ್ಚಿನ ಚಿಂತೆಯೂ ಬೇಡ: ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ಕೊಡುತ್ತದೆ, ಸಹಾಯವಾಣಿ 15100. ಅರ್ಜಿ ಬರೆಯಲು ಜೊತೆ ಬೇಕೆನಿಸಿದರೆ ನಮ್ಮ ಕಚೇರಿಗೆ ಬನ್ನಿ, ಕುಳಿತು ಬರೆಯೋಣ.

— ಸಂಪಾದಕ