ಹೊತ್ತಿಗೆ ಸರಿಯಾಗಿ ಬಿಟ್ಟರೆ ನಷ್ಟವಿಲ್ಲ

ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ನಿಮ್ಮ ಬಟ್ಟೆ ಅಂಗಡಿಯಲ್ಲಿ ಕೆಲಸದವರನ್ನು ಹೊತ್ತಿಗೆ ಸರಿಯಾಗಿ ಬಿಟ್ಟರೆ ನಷ್ಟ ಅಲ್ವಾ ಎಂದು ಕೇಳಿದ್ದೀರಿ. ಬಿಡದಿದ್ದರೇ ನಷ್ಟ ಜಾಸ್ತಿ. ದಿನವಿಡೀ ನಿಂತು ಸುಸ್ತಾದವರು ಬಿಲ್ಲಿನಲ್ಲಿ ತಪ್ಪು ಮಾಡುತ್ತಾರೆ, ಗಿರಾಕಿಯ ಮೇಲೆ ಸಿಡುಕುತ್ತಾರೆ. ಕೊನೆಗೆ ಕೆಲಸ ಬಿಟ್ಟು ಮಂಗಳೂರಿಗೆ ಹೋಗುತ್ತಾರೆ. ಕನ್ನಡ, ತುಳು, ಮಲಯಾಳ ಮೂರರಲ್ಲೂ ವ್ಯಾಪಾರ ಮಾಡಬಲ್ಲವರು ಮತ್ತೆ ಸುಲಭದಲ್ಲಿ ಸಿಗುತ್ತಾರಾ?

ಕೇರಳದ ಅಂಗಡಿ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೊಂದು ರಜೆ ಎಂದಿದೆ. 2018ರ ತಿದ್ದುಪಡಿಯಿಂದ ಕೆಲಸದ ನಡುವೆ ಕೂರುವ ಹಕ್ಕೂ ಬಂತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಇದು ಸಣ್ಣ ವಿಷಯವಲ್ಲ.

ಇಬ್ಬರು ಹುಡುಗಿಯರು ಬಾಯಾರು ಕಡೆಯವರು ಎಂದಿದ್ದೀರಿ. ಸಂಜೆಯ ಬಸ್ ತಪ್ಪದ ಹಾಗೆ, ಅವರನ್ನೇ ಕೇಳಿ ಪಾಳಿ ಹಾಕಿ.