ಅಮೆರಿಕದ ಸೇಲಂ ಊರಿನಲ್ಲಿ ವಯಸ್ಸಾದ ತಂದೆ ತಾಯಿಗೆ ತೋರಿಸುವಂಥದ್ದು ಏನಿದೆ?

ಮೈಸೂರಿನಿಂದ ನಿಮ್ಮ ತಂದೆ ತಾಯಿ ಬಾಸ್ಟನ್ನಿಗೆ ಬರುತ್ತಿದ್ದಾರೆ, ಅಕ್ಟೋಬರ್ ಕೊನೆಯ ವಾರ ಅವರನ್ನು ಅಲ್ಲೇ ಹತ್ತಿರದ, 1692ರ ಮಾಟಗಾತಿ ವಿಚಾರಣೆಗಳಿಂದ ಹೆಸರಾದ ಸೇಲಂಗೆ ಕರೆದೊಯ್ಯಬೇಕೆಂದಿದ್ದೀರಿ. ತಂದೆಯವರಿಗೆ ಮಂಡಿ ನೋವು, ತಾಯಿಯವರಿಗೆ ಮಾಟ ಮಂತ್ರದ ಮಾತೆತ್ತಿದರೆ ಆಗದು. ಹೀಗಿರುವಾಗ ಅಲ್ಲಿ ನೋಡಲು ಏನಿದೆ, ಒಂದು ದಿನ ಸಾಕೇ ಎಂದು ಕೇಳಿದ್ದೀರಿ. ಆ ಊರಿಗೆ ಕಾರಿನಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿ ಹನ್ನೊಂದು ವರ್ಷದಿಂದ ಇರುವವನಾದ್ದರಿಂದ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಮೊದಲನೆಯದಾಗಿ, ಅಕ್ಟೋಬರ್ ಬೇಡ. 44 ಸಾವಿರ ಜನರಿರುವ ಊರಿಗೆ ಆ ಒಂದೇ ತಿಂಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಜಂಬೂ ಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದನ್ನು ಊಹಿಸಿಕೊಳ್ಳಿ. ಎಲ್ಲ ಬರುವುದು ಹ್ಯಾಲೊವೀನ್‌ಗೆಂದು, ಅಂದರೆ ಅಕ್ಟೋಬರ್ 31ರ ದೆವ್ವ, ಮಾಟಗಾತಿ ವೇಷಗಳ ಹಬ್ಬಕ್ಕೆಂದು. ನಾನು ಮೊದಲ ಸಲ ಹೋದದ್ದು ಅದರ ಹಿಂದಿನ ಶನಿವಾರ. ಒಂದೂವರೆ ಗಂಟೆ ಕಾರಿನಲ್ಲಿ ಸುತ್ತಿ, ಚೂಪು ಟೋಪಿ ಹಾಕಿಕೊಂಡ ಸಾವಿರಾರು ಜನರ ಬೆನ್ನು ನೋಡಿ, ಊಟವೂ ಸಿಗದೆ ಮನೆಗೆ ಮರಳಿದೆ. ನವೆಂಬರ್ ಮೊದಲ ವಾರಕ್ಕೆ ಮುಂದೂಡಿದರೆ ಅದೇ ಊರು ಬೇರೆಯೇ ಆಗಿರುತ್ತದೆ. ಬಾಸ್ಟನ್ನಿನಿಂದ ಬರುವ ದೋಣಿ ಆ ಹೊತ್ತಿಗೆ ನಿಂತಿರುತ್ತದೆ, ಕೆಲವು ಹಳೆಯ ಮನೆಗಳೂ ಬಾಗಿಲು ಹಾಕಿರುತ್ತವೆ, ಅದೊಂದು ನಷ್ಟ. ಆದರೆ ಮಂಡಿ ನೋವಿರುವವರಿಗೆ ಕುಳಿತುಕೊಳ್ಳಲು ಬೆಂಚು ಸಿಗುತ್ತದೆ. ಕಾರನ್ನು ಮರೆತು ಬಾಸ್ಟನ್ನಿನ ನಾರ್ತ್ ಸ್ಟೇಷನ್‌ನಿಂದ ರೈಲು ಹಿಡಿಯಿರಿ. ಸುಮಾರು ಅರ್ಧ ಗಂಟೆಯ ಪ್ರಯಾಣ, ಇಳಿದಲ್ಲಿಂದ ಊರಿನ ನಡುಭಾಗಕ್ಕೆ ಹತ್ತು ನಿಮಿಷದ ನಡಿಗೆ.

ಹೆಸರಿನ ಗೊಂದಲಕ್ಕೂ ಸಿದ್ಧರಾಗಿರಿ. ನಾವು ಸೇಲಂಗೆ ಹೋಗಿದ್ದೆವೆಂದು ನಮ್ಮಮ್ಮ ಫೋನಿನಲ್ಲಿ ಹೇಳಿದಾಗ ಚಿಕ್ಕಮ್ಮ ಕೇಳಿದ ಮೊದಲ ಪ್ರಶ್ನೆ, "ಮಾವಿನ ಹಣ್ಣು ತಂದಿರಾ?" ತಮಿಳುನಾಡಿನ ಸೇಲಂಗೂ ಇದಕ್ಕೂ ಯಾವ ನಂಟೂ ಇಲ್ಲ. 1626ರಲ್ಲಿ ರಾಜರ್ ಕೊನಂಟ್ ಎಂಬವನ ಜೊತೆ ಬಂದವರು ಇಲ್ಲಿ ನೆಲೆಯೂರಿದರು. ಸ್ಥಳೀಯರು ಕರೆಯುತ್ತಿದ್ದ ನೌಮ್‌ಕೀಗ್ ಎಂಬ ಹೆಸರನ್ನು ಬಿಟ್ಟು, ಸ್ವಲ್ಪ ದಿನದಲ್ಲೇ ಬೈಬಲ್ಲಿನಿಂದ ಶಾಂತಿ ಎಂಬ ಅರ್ಥದ ಹೆಸರನ್ನು ಆರಿಸಿಕೊಂಡರು. ಆ ಕೊನಂಟನ ಕಂಚಿನ ಪ್ರತಿಮೆ ಉದ್ದನೆಯ ನಿಲುವಂಗಿ, ಟೋಪಿ ಹಾಕಿಕೊಂಡು ಒಂದು ಮಾಟಗಾತಿ ವಸ್ತುಸಂಗ್ರಹಾಲಯದ ಎದುರೇ ನಿಂತಿದೆ. ಪಾಪ, ಬಂದವರೆಲ್ಲ ಅವನನ್ನೇ ಮಂತ್ರವಾದಿಯೆಂದುಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ.

ಈಗ ನಿಮ್ಮ ತಾಯಿಯವರ ಅಂಜಿಕೆಯ ವಿಚಾರ. ಸೇಲಂನಲ್ಲಿ ಮಾಟಗಾತಿಯರು ಇರಲಿಲ್ಲ ಎಂಬುದನ್ನು ಅವರಿಗೆ ಮೊದಲೇ ಹೇಳಿಬಿಡಿ. 1692ರಲ್ಲಿ ಇಲ್ಲಿ ನಡೆದದ್ದು ಮಾಟವಲ್ಲ, ಮಾಟದ ಆರೋಪ. ಪಾದ್ರಿಯೊಬ್ಬನ ಮನೆಯ ಇಬ್ಬರು ಹುಡುಗಿಯರಿಗೆ ಮೈಮೇಲೆ ಏನೋ ಬಂದಂತಾಯಿತು. ಯಾರು ಮಾಡಿಸಿದ್ದು ಎಂಬ ಪ್ರಶ್ನೆ ಹುಟ್ಟಿತು, ಹೆಸರುಗಳು ಒಂದೊಂದಾಗಿ ಹೊರಬಂದವು. ನೂರೈವತ್ತಕ್ಕೂ ಹೆಚ್ಚು ಜನ ಆರೋಪಿಗಳಾದರು. 14 ಹೆಂಗಸರು, 5 ಗಂಡಸರು ನೇಣಿಗೇರಿದರು. ಜೈಲ್ಸ್ ಕೋರಿ ಎಂಬ ಮುದುಕ ವಿಚಾರಣೆಗೆ ಒಪ್ಪದಿದ್ದಾಗ ಅವನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಜೈಲಿನಲ್ಲಿ ಸತ್ತವರು ಬೇರೆ. ನಾಲ್ಕೈದು ವರ್ಷದ ಒಂದು ಹೆಣ್ಣುಮಗುವನ್ನೂ ಸೆರೆಯಲ್ಲಿಟ್ಟಿದ್ದರು, ಅದರ ತಾಯಿಯನ್ನು ನೇಣಿಗೆ ಹಾಕಿದರು. ಯಾರನ್ನೂ ಸುಡಲಿಲ್ಲ. ಸುಟ್ಟರೆಂದು ಹೇಳುವ ಮಾರ್ಗದರ್ಶಿ ಸಿಕ್ಕರೆ ಅವನ ಹಿಂದೆ ಹೋಗಬೇಡಿ. ಕನಸಿನಲ್ಲಿ ಇವಳ ರೂಪ ಬಂದು ಕತ್ತು ಹಿಸುಕಿತು ಎಂಬ ಮಾತನ್ನೇ ಆ ನ್ಯಾಯಾಲಯ ಸಾಕ್ಷ್ಯವೆಂದು ಒಪ್ಪಿತು. ನಮ್ಮ ಕಲಬುರಗಿ, ಬೀದರ್ ಕಡೆ ಭಾನಾಮತಿಯ ಹೆಸರಿನಲ್ಲಿ ಹೆಂಗಸರು ಪಟ್ಟ ಪಾಡನ್ನು ಕೇಳಿ ಬಲ್ಲವರಿಗೆ ಈ ಕಥೆಯಲ್ಲಿ ಯಾವುದೂ ವಿದೇಶದ್ದೆನಿಸುವುದಿಲ್ಲ.

ಆದ್ದರಿಂದ ನೀವು ಹೋಗಲೇಬೇಕಾದ ಜಾಗ ಚಾರ್ಟರ್ ಬೀದಿಯ ಹಳೆಯ ಸ್ಮಶಾನಕ್ಕೆ ಅಂಟಿಕೊಂಡಿರುವ ಸ್ಮಾರಕ. ಟಿಕೆಟ್ ಇಲ್ಲ. ಘಟನೆಗೆ ಮುನ್ನೂರು ವರ್ಷ ತುಂಬಿದ 1992ರಲ್ಲಿ ಕಟ್ಟಿದ್ದು. ಮೂರು ಕಡೆ ಕಲ್ಲಿನ ಗಿಡ್ಡ ಗೋಡೆ, ಅದರಿಂದ ಹೊರಚಾಚಿದ 20 ಕಲ್ಲುಹಾಸುಗಳು, ಒಂದೊಂದರ ಮೇಲೂ ಒಂದು ಹೆಸರು, ಸತ್ತ ದಿನಾಂಕ, ಸತ್ತ ಬಗೆ. ಅಷ್ಟೇ. ಒಳಗೆ ಕಾಲಿಡುವಾಗ ನೆಲ ನೋಡುವುದನ್ನು ಮರೆಯಬೇಡಿ. ಹೊಸ್ತಿಲ ಕಲ್ಲುಗಳಲ್ಲಿ ಆರೋಪಿಗಳು ತಾವು ನಿರಪರಾಧಿಗಳೆಂದು ಮೊರೆಯಿಟ್ಟ ಮಾತುಗಳನ್ನು ಕೆತ್ತಿದ್ದಾರೆ. ಮಾತು ನಡುವೆಯೇ ಗೋಡೆಯಡಿ ಹೊಕ್ಕು ಕಡಿದುಹೋಗುತ್ತದೆ. ಬೇಕೆಂದೇ ಹಾಗೆ ಮಾಡಿದ್ದು.

ಅಮ್ಮನನ್ನು ಒಂದು ಮೇ ತಿಂಗಳಲ್ಲಿ ಅಲ್ಲಿಗೆ ಕರೆದೊಯ್ದಿದ್ದೆ. ನಡೆದು ದಣಿದಿದ್ದರು, ಬೆಂಚೆಂದುಕೊಂಡು ಒಂದು ಕಲ್ಲಿನ ಮೇಲೆ ಕುಳಿತರು. ನಾನು ಪಕ್ಕದಲ್ಲಿ ನಿಂತು ಕೆತ್ತಿದ್ದನ್ನು ಓದಿ ಹೇಳಿದೆ: ಬ್ರಿಡ್ಜೆಟ್ ಬಿಷಪ್, ನೇಣು, ಜೂನ್ 10, 1692. ಗದ್ದುಗೆಯ ಮೇಲೆ ಕುಳಿತವರಂತೆ ಗಾಬರಿಯಾಗಿ ಎದ್ದರು. ಆಮೇಲೆ ಆ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಇಪ್ಪತ್ತನ್ನೂ ಓದಿಸಿದ ಮೇಲೆಯೇ ಹೊರಟರು. ದಾರಿಯಲ್ಲಿ ಅವರು ಕೇಳಿದ್ದು ಒಂದೇ: "ಆರೋಪ ಹೊರಿಸಿದವರನ್ನು ಏನು ಮಾಡಿದರು?" ಹೆಚ್ಚೇನೂ ಮಾಡಲಿಲ್ಲ. ನ್ಯಾಯಾಧೀಶರಲ್ಲಿ ಸ್ಯಾಮ್ಯುಯೆಲ್ ಸೀವಾಲ್ 1697ರಲ್ಲಿ ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಂಡ. ಜಾನ್ ಹಾಥಾರ್ನ್ ಎಂಬ ಇನ್ನೊಬ್ಬ ಅಂಥದ್ದೇನನ್ನೂ ಮಾಡದೆ, ಈಗ ಆ ಸ್ಮಾರಕದ ಗೋಡೆಯಾಚೆ ಸ್ಮಶಾನದಲ್ಲಿ ಮಲಗಿದ್ದಾನೆ. ಗಲ್ಲಿಗೇರಿಸಿದ ಜಾಗ ಪ್ರಾಕ್ಟರ್ಸ್ ಲೆಡ್ಜ್ ಎಂಬುದು ಖಚಿತವಾದದ್ದು 2016ರಲ್ಲಿ. ಅಲ್ಲೂ ಒಂದು ಚಿಕ್ಕ ಸ್ಮಾರಕವಿದೆ, ಆದರೆ ಅದಿರುವುದು ಮನೆಗಳ ನಡುವೆ, ಊರಿನ ಇನ್ನೊಂದು ಅಂಚಿನಲ್ಲಿ. ತಂದೆಯವರನ್ನು ಅಷ್ಟು ನಡೆಸಬೇಡಿ.

ಮಾಟಗಾತಿಯ ಹೆಸರಿನಲ್ಲಿ ನಡೆಯುವ ಉಳಿದ ವ್ಯಾಪಾರದ ಬಗ್ಗೆ ನನ್ನದು ಕಟುವಾದ ಅಭಿಪ್ರಾಯ. ಒಂದು ಕತ್ತಲೆ ಕೋಣೆ, ಬಣ್ಣ ಮಾಸಿದ ಬೊಂಬೆಗಳು, ಧ್ವನಿಮುದ್ರಿತ ಚೀತ್ಕಾರ, ಕೊನೆಗೆ ಪೊರಕೆ ಮಾರುವ ಅಂಗಡಿ. ಅಂಥದ್ದೊಂದಕ್ಕೆ ನಾಲ್ಕು ಜನರ ಟಿಕೆಟ್ ಕೊಂಡು ಇಪ್ಪತ್ತೇ ನಿಮಿಷದಲ್ಲಿ ಹೊರಬಿದ್ದಿದ್ದೇನೆ, ಹೆಸರು ಬೇಡ. ಇಲ್ಲಿ ಪೊಲೀಸರ ತೋಳಪಟ್ಟಿಯ ಮೇಲೂ ಪೊರಕೆ ಏರಿದ ಮಾಟಗಾತಿ ಇದ್ದಾಳೆ. ನಿರಪರಾಧಿಗಳನ್ನು ಮಾಟಗಾತಿಯರೆಂದು ಕೊಂದ ಊರು ಅದೇ ಮಾಟಗಾತಿಯನ್ನು ಮನೆದೇವರು ಮಾಡಿಕೊಂಡಿದೆ! ವಿಚಾರಣೆಯ ಕಾಲದ ನಿಜವಾದ ಕಟ್ಟಡವೇ ಬೇಕೆಂದರೆ ನ್ಯಾಯಾಧೀಶ ಜೊನಾಥನ್ ಕಾರ್ವಿನ್ನನ ಕಪ್ಪು ಬಣ್ಣದ ಮನೆಯಿದೆ. ಹೊರಗಿನಿಂದ ನೋಡಿದರೂ ಸಾಕು.

ದುಡ್ಡು ಖರ್ಚು ಮಾಡಬೇಕಾದದ್ದು ಪೀಬಡಿ ಎಸೆಕ್ಸ್ ವಸ್ತುಸಂಗ್ರಹಾಲಯದಲ್ಲಿ. ಅರ್ಧ ದಿನ ಮೀಸಲಿಡಿ, ವಾರದ ಎಲ್ಲ ದಿನವೂ ತೆರೆದಿರುವುದಿಲ್ಲವಾದ್ದರಿಂದ ನೋಡಿಕೊಂಡು ಹೊರಡಿ. ಇದರ ಮೂಲ 1799ರಲ್ಲಿ ಇಲ್ಲಿನ ಹಡಗಿನ ನಾಯಕರು ಕಟ್ಟಿಕೊಂಡ ಈಸ್ಟ್ ಇಂಡಿಯಾ ಮರೀನ್ ಸೊಸೈಟಿ. ಆಫ್ರಿಕದ ಗುಡ್ ಹೋಪ್ ಭೂಶಿರವನ್ನೋ ದಕ್ಷಿಣ ಅಮೆರಿಕದ ಹಾರ್ನ್ ಭೂಶಿರವನ್ನೋ ದಾಟಿ ಬಂದವರಿಗೆ ಮಾತ್ರ ಸದಸ್ಯತ್ವ. ಹೋದವರು ಬರುವಾಗ ಏನಾದರೂ ವಿಚಿತ್ರ ವಸ್ತು ತಂದು ಸೊಸೈಟಿಗೆ ಕೊಡಬೇಕು. ಹಾಗೆ ಕೂಡಿಬಂದದ್ದರಲ್ಲಿ ನಮ್ಮ ದೇಶದ್ದು ಬಹಳ. ಮುಂಬೈಯ ಪಾರ್ಸಿ ವ್ಯಾಪಾರಿ ನಸರ್ವಾನ್‌ಜಿ ಮಾಣೆಕ್‌ಜಿ ವಾಡಿಯಾ ಅವರ ಭಾವಚಿತ್ರ ಈ ಸಂಗ್ರಹದಲ್ಲಿದೆ, ಕೋಲ್ಕತ್ತದ ವರ್ತಕರ ಆಳೆತ್ತರದ ಮಣ್ಣಿನ ಮೂರ್ತಿಗಳೂ ಇವೆ. ಹರ್ವಿಟ್ಜ್ ದಂಪತಿ ಕೂಡಿಟ್ಟ ಆಧುನಿಕ ಭಾರತೀಯ ಚಿತ್ರಕಲೆಯ ದೊಡ್ಡ ಸಂಗ್ರಹವೂ ಇಲ್ಲಿಗೇ ಬಂದಿದೆ.

ನಿಮ್ಮ ತಂದೆಯವರಿಗೆ ತೋರಿಸಲೇಬೇಕಾದದ್ದು ಮಾತ್ರ ಭಾರತದ್ದಲ್ಲ, ಚೀನಾದ್ದು. ಯಿನ್ ಯು ತಾಂಗ್ ಎಂಬ ಸುಮಾರು ಇನ್ನೂರು ವರ್ಷದ ಮನೆಯನ್ನು ಹುಯಿಝೌ ಪ್ರದೇಶದ ಹಳ್ಳಿಯಿಂದ ತೊಲೆ ತೊಲೆಯಾಗಿ ಬಿಚ್ಚಿ ತಂದು ಇಲ್ಲಿ ಮರುಜೋಡಿಸಿ 2003ರಲ್ಲಿ ತೆರೆದರು. ಹುವಾಂಗ್ ಎಂಬ ವ್ಯಾಪಾರಿ ಮನೆತನ ಅದರಲ್ಲಿ ತಲೆಮಾರುಗಟ್ಟಲೆ ಬಾಳಿತ್ತು. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಎರಡು ಅಂತಸ್ತಿನಲ್ಲಿ 16 ಮಲಗುವ ಕೋಣೆ, ಮರದ ಕಂಬ, ಕೆತ್ತನೆಯ ಕಿಟಕಿ. ನಮ್ಮಪ್ಪ ಬಾಗಿಲಲ್ಲಿ ನಿಂತವರೇ "ಇದು ನಮ್ಮ ತೊಟ್ಟಿ ಮನೆಯಲ್ಲವೇ!" ಎಂದರು. ಆಮೇಲೆ ಒಂದು ಗಂಟೆ, ಮಳೆನೀರು ಎಲ್ಲಿ ಬಿದ್ದು ಎಲ್ಲಿಂದ ಹೊರಹೋಗುತ್ತದೆಂದು ತೊಟ್ಟಿಯ ಸುತ್ತ ಬಗ್ಗಿ ಬಗ್ಗಿ ನೋಡುತ್ತಿದ್ದರು. ಮೈಸೂರಿನವರಾದ ನಿಮ್ಮ ತಂದೆಯವರಿಗೂ ಇದೇ ಆಗುತ್ತದೆಂದು ಪಂಥ ಕಟ್ಟುತ್ತೇನೆ.

ಅಲ್ಲಿಂದ ನಿಧಾನವಾಗಿ ಕಡಲ ಕಡೆ ನಡೆದರೆ ಡರ್ಬಿ ದಕ್ಕೆ. 1938ರಲ್ಲಿ ದೇಶದ ಮೊಟ್ಟಮೊದಲ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿದ್ದು ಇದನ್ನೇ. ನೀರಿನೊಳಕ್ಕೆ ಸುಮಾರು ಅರ್ಧ ಮೈಲಿ ಚಾಚಿಕೊಂಡ ದಕ್ಕೆ, ತುದಿಯಲ್ಲಿ 1871ರ ಪುಟ್ಟ ದೀಪಸ್ತಂಭ. ನೆಲ ಸಮತಟ್ಟಾಗಿದೆ, ಗಾಳಿ ಮಾತ್ರ ಕೊರೆಯುತ್ತದೆ. ಒಂದು ಕಾಲದಲ್ಲಿ ಇಲ್ಲಿ ಇಳಿಯುತ್ತಿದ್ದದ್ದು ಸುಮಾತ್ರದ ಕಾಳುಮೆಣಸು, ಬಂಗಾಳದ ಬಟ್ಟೆ, ಚೀನಾದ ಚಹಾ. ಸಿರಸಿಯ ಮೆಣಸೇನೂ ಇಲ್ಲಿಗೆ ಬಂದಂತಿಲ್ಲ, ಆದರೂ ಮೆಣಸಿನಿಂದ ಮಾಳಿಗೆ ಕಟ್ಟಿದ ಊರೆಂದರೆ ನಮಗೆ ಅರ್ಥವಾಗುತ್ತದೆ. 1796ರಲ್ಲಿ ಅಮೆರಿಕದ ನೆಲಕ್ಕೆ ಮೊದಲ ಆನೆಯನ್ನು ತಂದವನೂ ಸೇಲಂನ ನಾಯಕ ಜೇಕಬ್ ಕ್ರೌನಿನ್‌ಶೀಲ್ಡ್. ಬಂಗಾಳದಲ್ಲಿ 450 ಡಾಲರ್ ಕೊಟ್ಟು ಕೊಂಡು ನ್ಯೂಯಾರ್ಕಿನಲ್ಲಿ ಇಳಿಸಿದ, ಹತ್ತು ಸಾವಿರಕ್ಕೆ ಮಾರಿದನೆಂದು ಹೇಳುತ್ತಾರೆ. ಅದಕ್ಕೂ ಮೊದಲು, 1790ರಲ್ಲೇ, ಇಲ್ಲಿನ ಪಾದ್ರಿ ವಿಲಿಯಂ ಬೆಂಟ್ಲಿ ಮದರಾಸಿನ ಒಬ್ಬ ಮನುಷ್ಯನನ್ನು ಕಂಡೆನೆಂದು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಯಾರೋ ಏನೋ, ಈ ಚಳಿಯನ್ನು ಹೇಗೆ ತಡೆದನೋ. ಮುಂದೆ ಹಡಗುಗಳು ದೊಡ್ಡದಾದವು, ಆಳವಿಲ್ಲದ ಈ ಬಂದರನ್ನು ಬಿಟ್ಟು ಬಾಸ್ಟನ್, ನ್ಯೂಯಾರ್ಕುಗಳಿಗೆ ಹೋದವು.

ದಕ್ಕೆಯ ಎದುರಿಗೇ 1819ರ ಇಟ್ಟಿಗೆಯ ಸುಂಕದ ಕಟ್ಟೆ. ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ 1846ರಿಂದ ಮೂರು ವರ್ಷ ಇಲ್ಲಿ ನೌಕರಿ ಮಾಡಿದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎನ್ನುವ ಗಾದೆ ನಮ್ಮದು, ಈ ಸುಂಕದವನಾದರೋ ಊರಿನ ದುಃಖವನ್ನೆಲ್ಲ ಬರೆದಿಟ್ಟ. ಕಲ್ಲುಗೋಡೆಯಾಚೆ ಮಲಗಿರುವ ನ್ಯಾಯಾಧೀಶ ಹಾಥಾರ್ನ್ ಇವನ ಪೂರ್ವಜನೇ. ಆ ನಂಟು ಬೇಡವೆಂದೇ ಇಂಗ್ಲಿಷಿನಲ್ಲಿ ಬರೆಯುವ ಹೆಸರಿನ ನಡುವೆ ಒಂದು 'w' ಅಕ್ಷರ ತುರುಕಿದನೆಂಬ ಮಾತಿದೆ. ಅವನ ಕಾದಂಬರಿಯಿಂದ ಹೆಸರು ಪಡೆದ ಏಳು ಮಾಳಿಗೆಮೂಲೆಗಳ (ಇಳಿಜಾರು ಮಾಡಿನ ತುದಿಯ ತ್ರಿಕೋನದ ಗೋಡೆಗಳ) ಮನೆ, 'ಸೆವೆನ್ ಗೇಬಲ್ಸ್', ಅಲ್ಲಿಂದ ಸ್ವಲ್ಪವೇ ದೂರ. 1668ರದ್ದು. ಅವನ ಕಾಲಕ್ಕೆ ಅದರಲ್ಲಿ ಉಳಿದಿದ್ದದ್ದು ಮೂರೇ ಮೂಲೆ. 1908ರಲ್ಲಿ ಕ್ಯಾರೊಲಿನ್ ಎಮರ್ಟನ್ ಎಂಬಾಕೆ ಕೊಂಡು ಏಳನ್ನೂ ಕಟ್ಟಿಸಿ, ನೋಡಲು ಬಂದವರಿಂದ ಪಡೆದ ಹಣವನ್ನು ಊರಿಗೆ ಹೊಸದಾಗಿ ಬಂದ ವಲಸೆಗಾರರ ಓದು ಬರಹಕ್ಕೆ ಬಳಸಿದರು. ಒಳಗಿನ ಗುಟ್ಟಿನ ಮೆಟ್ಟಿಲು ಬಹಳ ಕಿರಿದು, ಕಡಿದು. ತಂದೆಯವರು ಕಡಲಿಗೆ ಮುಖಮಾಡಿದ ತೋಟದಲ್ಲಿ ಕುಳಿತಿರಲಿ. ಎದುರು ಬದಿಯಲ್ಲಿ 1806ರ ಮೂಲದ ಮಿಠಾಯಿ ಅಂಗಡಿಯಿದೆ, ಅಲ್ಲಿನ ಜಿಬ್ರಾಲ್ಟರ್ ಎಂಬ ಬಿಳಿ ಮಿಠಾಯಿಯನ್ನು ಕಚ್ಚದೆ ಚೀಪಬೇಕು.

ಊರಿನ ಸುತ್ತಮುತ್ತ ಎಂದರೆ ನನ್ನ ಮೊದಲ ಆಯ್ಕೆ ಡ್ಯಾನ್ವರ್ಸ್. 1692ರ ಗಲಾಟೆ ಶುರುವಾದದ್ದು ನಿಜಕ್ಕೂ ಅಲ್ಲಿ, ಆಗ ಅದಕ್ಕೆ ಸೇಲಂ ಹಳ್ಳಿ ಎಂದೇ ಹೆಸರು. ಮುಂದೆ ಬೇರೆ ಹೆಸರಿಟ್ಟುಕೊಂಡು ತಣ್ಣಗೆ ಕುಳಿತಿತು, ಅಪಖ್ಯಾತಿಯೂ ಆದಾಯವೂ ಸೇಲಂ ಪಾಲಿಗೆ ಬಂದವು. ಅಲ್ಲಿ ರೆಬೆಕಾ ನರ್ಸ್ ಎಂಬ 71 ವರ್ಷದ ಅಜ್ಜಿಯ ತೋಟದ ಮನೆಯಿದೆ. ಪಂಚರು ಮೊದಲು ಆಕೆಯನ್ನು ನಿರ್ದೋಷಿ ಎಂದಿದ್ದರು. ನ್ಯಾಯಾಲಯದಲ್ಲಿ ಗದ್ದಲವೆದ್ದದ್ದರಿಂದ ಮತ್ತೆ ಯೋಚಿಸಿ ಬರುವಂತೆ ನ್ಯಾಯಾಧೀಶರು ಅವರನ್ನು ವಾಪಸು ಕಳಿಸಿದರು, ತೀರ್ಪು ತಿರುಗಿತು. ಮಕ್ಕಳು ರಾತ್ರೋರಾತ್ರಿ ಹೆಣವನ್ನು ತಂದು ತೋಟದಲ್ಲೇ ಮಣ್ಣು ಮಾಡಿದರೆಂದು ಮನೆತನದ ನಂಬಿಕೆ. ಇದಕ್ಕೆ ಕಾರು ಬೇಕು, ಚಳಿಗಾಲದಲ್ಲಿ ತೆರೆದಿರುವುದಿಲ್ಲ, ವಿಚಾರಿಸಿಕೊಂಡೇ ಹೋಗಿ. ಎರಡನೆಯ ದಿನವಿದ್ದರೆ ಮತ್ತೆ ರೈಲು ಹತ್ತಿ ಗ್ಲಾಸ್ಟರ್, ರಾಕ್‌ಪೋರ್ಟ್ ಕಡೆ ಹೋಗಿ. ಗ್ಲಾಸ್ಟರಿನ ಕಡಲಂಚಿನಲ್ಲಿ ಚುಕ್ಕಾಣಿ ಹಿಡಿದು ನಿಂತ ಮೀನುಗಾರನ ಪ್ರತಿಮೆಯಿದೆ, ಸುತ್ತ ಸಮುದ್ರದ ಪಾಲಾದ ಸಾವಿರಾರು ಜನರ ಹೆಸರುಗಳಿವೆ. ಮಾರ್ಬಲ್‌ಹೆಡ್ ಚಂದದ ಊರು, ಆದರೆ ಓಣಿಗಳೆಲ್ಲ ಏರು ಇಳಿಜಾರು, ಮಂಡಿಗೆ ಒಗ್ಗದು.

ಸೇಲಂ ಒಂದಕ್ಕೆ ಒಂದು ದಿನ ಸಾಕು. ಬೆಳಿಗ್ಗೆ ವಸ್ತುಸಂಗ್ರಹಾಲಯ, ಮಧ್ಯಾಹ್ನ ಸ್ಮಾರಕ, ಸಂಜೆ ದಕ್ಕೆ. ಊಟಕ್ಕೆ ಎಲ್ಲೆಲ್ಲೂ ಮೀನು, ಚಿಪ್ಪಿನ ವಾಸನೆ, ಸಸ್ಯಾಹಾರಿಗಳಾದರೆ ಬುತ್ತಿ ಕಟ್ಟಿಕೊಳ್ಳಿ. ದಕ್ಕೆಯ ಹುಲ್ಲಿನ ಮೇಲೆ ಕುಳಿತು ತಿನ್ನಬಹುದು, ಆದರೆ ಕಡಲಹಕ್ಕಿಗಳಿಗೆ ಬೆನ್ನು ಮಾಡಬೇಡಿ. ಅಮ್ಮ ಸುತ್ತಿಕೊಟ್ಟಿದ್ದ ಚಪಾತಿಯನ್ನು ಒಂದು ಹಕ್ಕಿ ನನ್ನ ಕೈಯಿಂದಲೇ ಹಾರಿಸಿಕೊಂಡು ಹೋಯಿತು, ಪಲ್ಯ ಸಮೇತ.