ಹೊರಳಿದರೆ ಮಾಳಿಗೆ ತಿರುಗುತ್ತದೆ

ಓದುಗರ ಪ್ರಶ್ನೆಗಳಿಗೆ ಹುಬ್ಬಳ್ಳಿಯ ಕಿವಿ-ಮೂಗು-ಗಂಟಲು ವೈದ್ಯರ ಉತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ಅವ್ವನಿಗೆ 71 ವರ್ಷ. ಹೋದ ತಿಂಗಳು ಮೇಲಿನ ಮಾಡದಿಂದ ರೊಟ್ಟಿ ಬುಟ್ಟಿ ಇಳಿಸಲು ಕತ್ತೆತ್ತಿದವಳು ಜೋಲಿ ತಪ್ಪಿ ಗೋಡೆ ಹಿಡಿದುಕೊಂಡಳು. ಈಗ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಇಡೀ ಮಾಳಿಗೆ ತಿರುಗುತ್ತದೆ ಅನ್ನುತ್ತಾಳೆ. ಪಿತ್ತ ಇರಬೇಕು ಅಂತ ಲಿಂಬು ಶರಬತ್ತು ಕುಡಿಸಿದೆವು. ಒಬ್ಬ ಡಾಕ್ಟರು ಅಶಕ್ತಿ ಅಂತ ಸಲೈನ್ ಹಚ್ಚಿದರು. ಇನ್ನೊಬ್ಬರು ಎಕ್ಸ್‌ರೇ ನೋಡಿ ಕುತ್ತಿಗೆ ಎಲುಬು ಸವೆದಿದೆ ಅಂತ ಪಟ್ಟಿ ಕೊಟ್ಟರು. ತಲೆ ಸ್ಕ್ಯಾನ್ ಮಾಡಿಸಬೇಕಾ?
ಓದುಗರು, ಬೆಟಗೇರಿ

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕತ್ತೆತ್ತಿದಾಗ ಬರುತ್ತದೆ, ಬಲಕ್ಕೆ ಹೊರಳಿದಾಗ ಬರುತ್ತದೆ ಅಂತ ಬರೆದಿದ್ದೀರಿ. ಇನ್ನೊಂದೇ ಗೊತ್ತಾಗಬೇಕು: ಎಷ್ಟು ಹೊತ್ತು ಇರುತ್ತದೆ? ಮುಂದಿನ ಸಲ ಗಡಿಯಾರ ನೋಡಿ. ಒಂದು ನಿಮಿಷದೊಳಗೆ ನಿಂತರೆ ನನ್ನ ಅನುಮಾನ ಬಲಗಡೆಯ ಒಳಕಿವಿಯ ಮೇಲೆ.

ಒಳಕಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಸಣ್ಣ ಹರಳುಗಳಿರುತ್ತವೆ. ಒಂದು ಅಂಟು ಪದರದ ಮೇಲೆ ಕೂತು, ತಲೆ ಯಾವ ಕಡೆ ವಾಲಿದೆ ಅಂತ ಮೆದುಳಿಗೆ ತಿಳಿಸುವುದು ಇವುಗಳ ಕೆಲಸ. ವಯಸ್ಸಾದಂತೆ ಕೆಲವು ಸಡಿಲಾಗಿ, ಪಕ್ಕದ ನೀರು ತುಂಬಿದ ಕಮಾನು ನಾಳಕ್ಕೆ ಜಾರುತ್ತವೆ. ತಲೆ ಹೊರಳಿಸಿದರೆ ಅವೂ ಉರುಳುತ್ತವೆ, ನೀರು ಅಲುಗುತ್ತದೆ. ಒಂದು ಕಿವಿ ‘ತಿರುಗುತ್ತಿದ್ದೇವೆ’ ಅನ್ನುತ್ತದೆ, ಇನ್ನೊಂದು ‘ಇಲ್ಲ’ ಅನ್ನುತ್ತದೆ. ಈ ಜಗಳದಲ್ಲಿ ಮಾಳಿಗೆ ತಿರುಗಿದಂತೆ ಕಾಣುತ್ತದೆ, ಹೊಟ್ಟೆ ತೊಳಸುತ್ತದೆ. ಐವತ್ತು ದಾಟಿದ ಹೆಂಗಸರಲ್ಲಿ ಇದು ಜಾಸ್ತಿ. ಬಿಪಿಪಿವಿ ಅಂತ ಬರೆದ ಚೀಟಿ ಕಂಡರೆ ಗಾಬರಿಯಾಗಬೇಡಿ, ಇದೇ ಅದು.

ಇದಕ್ಕೆ ಸಲೈನ್‌ನಿಂದ ಏನೂ ಆಗುವುದಿಲ್ಲ. ಕುತ್ತಿಗೆ ಪಟ್ಟಿಯೂ ಅಷ್ಟೇ. 71ರಲ್ಲಿ ಯಾರ ಕುತ್ತಿಗೆಯ ಎಕ್ಸ್‌ರೇ ತೆಗೆದರೂ ಸವೆತ ಕಾಣುತ್ತದೆ, ನನ್ನದನ್ನು ತೆಗೆದರೂ ಕಂಡೀತು. ಸ್ಕ್ಯಾನಿನಲ್ಲಂತೂ ಈ ಹರಳುಗಳು ಕಾಣುವುದೇ ಇಲ್ಲ.

ಪರೀಕ್ಷೆ ಮಾಡಲು ಒಂದು ಮಂಚ ಸಾಕು. ಕೂತವರ ತಲೆಯನ್ನು ಬಲಕ್ಕೆ ಸ್ವಲ್ಪ ತಿರುಗಿಸಿ, ಹಿಡಿದುಕೊಂಡೇ ಸರ್ರನೆ ಹಿಂದಕ್ಕೆ ಮಲಗಿಸುತ್ತೇವೆ. ತಲೆ ಮಂಚದ ಅಂಚಿನಿಂದ ಕೆಳಗೆ ಇಳಿದಿರಬೇಕು. ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆ ಪಟಪಟ ಹೊಡೆದುಕೊಳ್ಳುತ್ತದೆ. ಹೆಚ್ಚಿನವರು ಆಗ ನನ್ನ ಕೈಯನ್ನು ಉಗುರು ನಾಟುವಷ್ಟು ಗಟ್ಟಿಯಾಗಿ ಹಿಡಿಯುತ್ತಾರೆ. ನನಗೆ ಮಾತ್ರ ಖುಷಿ, ಯಾಕೆಂದರೆ ರೋಗ ಸಿಕ್ಕಿತು.

ಚಿಕಿತ್ಸೆಯೂ ಅದೇ ಮಂಚದ ಮೇಲೆ. ಹಾಗೇ ಮಲಗಿಸಿಟ್ಟು, ತಲೆಯನ್ನು ಎಡಕ್ಕೆ ಹೊರಳಿಸಿ, ಮೈಯನ್ನೂ ಎಡಮಗ್ಗುಲಿಗೆ ತಂದು ಮುಖ ನೆಲ ನೋಡುವ ಹಾಗೆ ಮಾಡಿ, ಕೊನೆಗೆ ಕೂರಿಸುವುದು. ಪ್ರತಿ ಹಂತದಲ್ಲೂ ತಿರುಗುವುದು ನಿಲ್ಲುವವರೆಗೆ ಕಾಯಬೇಕು. ಹರಳುಗಳು ಉರುಳುತ್ತಾ ತಮ್ಮ ಜಾಗದ ಕಡೆ ಹೋಗುತ್ತವೆ. ಅಮೆರಿಕದ ಜಾನ್ ಎಪ್ಲಿ ಎಂಬ ವೈದ್ಯರು 1992ರಲ್ಲಿ ಇದನ್ನು ಪ್ರಕಟಿಸಿದರು. ಮೊದಮೊದಲು ಅವರ ಮಾತನ್ನು ನಂಬಿದವರು ಕಡಿಮೆ. ಈಗ ಜಗತ್ತೆಲ್ಲ ಇದನ್ನೇ ಮಾಡುತ್ತದೆ. ಹಲವರಿಗೆ ಒಂದೇ ಸಲಕ್ಕೆ ಗುಣ, ಕೆಲವರಿಗೆ ಎರಡು ಮೂರು ಸಲ ಬೇಕು. ಮುಂದೆ ಮತ್ತೆ ಬರಲೂಬಹುದು. ಬಂದರೆ ಮತ್ತೆ ಮಾಡಿದರಾಯಿತು.

ಮೊಬೈಲ್ ನೋಡಿ ಮನೆಯಲ್ಲೇ ಶುರು ಮಾಡಬೇಡಿ. ಯಾವ ಕಿವಿ ಅಂತ ಮೊದಲು ಗೊತ್ತಾಗಬೇಕು, ಅಲ್ವಾ? ಗದಗದ ಜಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗ ಇದೆ, ಹುಬ್ಬಳ್ಳಿಗೇ ಬರಬೇಕೆಂದಿಲ್ಲ. ಅಲ್ಲಿಯವರೆಗೆ ರೊಟ್ಟಿ ಬುಟ್ಟಿ ಕೆಳಗೇ ಇರಲಿ.

ಒಂದು ಮಾತು. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ವಾರೆಯಾದರೆ, ಒಂದು ಎರಡಾಗಿ ಕಂಡರೆ, ನಿಲ್ಲಲೇ ಆಗದಿದ್ದರೆ ಅದು ಲಕ್ವಾ ಇರಬಹುದು. ಆಗ ನನ್ನಂಥವರ ಹತ್ತಿರ ಚೀಟಿ ಬರೆಸಿಕೊಂಡು ಕೂರಬೇಡಿ, 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಓಡಿ.

ಪ್ರಶ್ನೆ: ನನಗೆ 74. ಬಿಪಿ ಗುಳಿಗೆ ಇದೆ, ಪ್ರಾಸ್ಟೇಟ್‌ಗೂ ಒಂದು ಗುಳಿಗೆ. ರಾತ್ರಿ ಮೂತ್ರಕ್ಕೆ ಎದ್ದರೆ ಕಣ್ಣಿಗೆ ಕತ್ತಲೆ ಬರುತ್ತದೆ. ಒಮ್ಮೆ ಬಚ್ಚಲ ಹೊಸ್ತಿಲಲ್ಲಿ ಬಿದ್ದೆ. ಕಿವಿ ದೋಷವೇ?
ಓದುಗರು, ಬ್ಯಾಡಗಿ

ಉತ್ತರ: ಕಿವಿಯದಲ್ಲ ಅನಿಸುತ್ತದೆ ಯಜಮಾನರೇ. ನಿಮಗೆ ಮನೆ ತಿರುಗುತ್ತಿಲ್ಲ, ಕತ್ತಲೆ ಬರುತ್ತಿದೆ. ಎದ್ದು ನಿಂತ ಕೂಡಲೇ ರಕ್ತ ಕಾಲಿಗೆ ಇಳಿಯುತ್ತದೆ, ಬಿಪಿ ಬೀಳುತ್ತದೆ. ಪ್ರಾಸ್ಟೇಟ್‌ನ ಕೆಲವು ಗುಳಿಗೆಗಳು ರಕ್ತನಾಳಗಳನ್ನೂ ಸಡಿಲ ಮಾಡುತ್ತವೆ. ಮಲಗಿದ್ದಾಗ ಒಮ್ಮೆ, ನಿಂತು ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಮತ್ತೊಮ್ಮೆ ಬಿಪಿ ನೋಡಲು ಹೇಳಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಕಾರಣ ಸಿಕ್ಕಿದಂತೆ. ಕುರ್ಚಿಯಲ್ಲಿ ಕೂರಿಸಿ ಒಂದೇ ಸಲ ನೋಡಿ ಕಳಿಸಿದರೆ ಇದು ಗೊತ್ತಾಗುವುದೇ ಇಲ್ಲ.

ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ; ಎಲ್ಲ ಗುಳಿಗೆ ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮುಂದೆ ಸುರಿಯಿರಿ. ರಾತ್ರಿ ಎದ್ದ ತಕ್ಷಣ ನಿಲ್ಲದೆ ಮಂಚದ ಅಂಚಿಗೆ ಕೂತು ಪಾದ ಮೇಲೆ ಕೆಳಗೆ ಆಡಿಸಿ. ಬಚ್ಚಲ ದಾರಿಗೆ ಸಣ್ಣ ದೀಪ ಇರಲಿ. ಮೂತ್ರ ಕೂತೇ ಮಾಡಿ, ಇದರಲ್ಲಿ ಮರ್ಯಾದೆ ಪ್ರಶ್ನೆ ಏನಿಲ್ಲ.

ಪ್ರಶ್ನೆ: ಚಕ್ಕರ್ ಇಲ್ಲ, ಆದರೆ ಸಂಜೆ ನಡೆದರೆ ಗಾದಿ ಮೇಲೆ ಕಾಲಿಟ್ಟಂತೆ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಮಗ ಕೋಲು ತಂದಿದ್ದಾನೆ, ಹಿಡಿಯಲು ನಾಚಿಕೆ.
ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಗುರುಗಳೇ, ಇದು ಪಾದದ ನರಗಳ ಸಮಸ್ಯೆ ಇರಬಹುದು. ನೆಲ ಹೇಗಿದೆ ಅಂತ ಪಾದ ಹೇಳದಿದ್ದಾಗ ಕಣ್ಣು ಆ ಕೆಲಸ ಮಾಡುತ್ತದೆ. ಕತ್ತಲಾದರೆ ಅದೂ ಇಲ್ಲ. ಸಕ್ಕರೆಗೆ ಮೆಟ್‌ಫಾರ್ಮಿನ್ ಗುಳಿಗೆ ತಗೊಳ್ಳುತ್ತಿದ್ದರೆ ವಿಟಮಿನ್ ಬಿ12 ರಕ್ತಪರೀಕ್ಷೆ ಮಾಡಿಸಿ. ಕಣ್ಣಿನ ಪೊರೆಯನ್ನೂ ತೋರಿಸಿ. ಕೋಲು ಖಂಡಿತ ಹಿಡಿಯಿರಿ. ಚಪ್ಪಲಿ ಹಾಕಿ, ಕೈ ಇಳಿಬಿಟ್ಟು ನಿಂತಾಗ ಅದರ ಹಿಡಿ ನಿಮ್ಮ ಮಣಿಕಟ್ಟಿಗೆ ಬರಬೇಕು. ಒಂದು ಕಾಲು ಸೋತಿದ್ದರೆ ಕೋಲು ಇನ್ನೊಂದು ಕಡೆಯ ಕೈಯಲ್ಲಿರಲಿ. ತುದಿಯ ರಬ್ಬರ್ ಸವೆದ ಕೂಡಲೇ ಬದಲಿಸಿ.